ಗೌಡರ ಕಾರಿಗೆ ಹೊಯ್ದ ನೀರು

ವೆಂಕಟರಾಯಪ್ಪ ಗೌಡರ ಕಾರು ಬೆಂಗಳೂರಿನಲ್ಲಿ ರಿಪೇರಿಯಾಗಿ ಬಂದ ನಾಲ್ಕನೇ ದಿನಕ್ಕೇ ಮತ್ತೆ ಕುದಿಯಿತು. ಅದೂ ನಂದಗುಡಿಯಿಂದ ಹೊಸಕೋಟೆಗೆ ಹೋಗುವ ಅರ್ಧ ದಾರಿಯಲ್ಲಿ, ಬೀಗರನ್ನು ಕೂರಿಸಿಕೊಂಡಿದ್ದಾಗ. ಮುಚ್ಚಳದ ಸಂದಿಯಿಂದ ಹಬೆ ಬುಸುಗುಟ್ಟುತ್ತಿದ್ದಂತೆ ಹಿಂದಿನ ಸೀಟಿನಿಂದ ಗೌಡರ ಮಾತು ಬಂತು.

"ಸೊಣ್ಣ, ನಿನ್ ಕೈಲಿ ಆಗ್ದಿದ್ರೆ ಹೇಳ್ಬಿಡು. ಬೇರೆಯವರನ್ನ ನೋಡ್ಕೋತೀನಿ."

ನನ್ನ ಕೈಲಿ ಆಗದ್ದು ಯಾವುದು? ಯುದ್ಧದ ಕಾಲದಲ್ಲಿ ಮೂರು ವರ್ಷ ಬರ್ಮಾ ಗಡಿಯ ಗುಡ್ಡಗಳಲ್ಲಿ ಮಿಲಿಟರಿ ಲಾರಿ ಓಡಿಸಿದವನು ನಾನು. ನಲವತ್ತಾರರಲ್ಲಿ ಊರಿಗೆ ಮರಳಿದಾಗ ಸುತ್ತ ಹತ್ತು ಹಳ್ಳಿಗೆ ಲೈಸೆನ್ಸ್ ಇದ್ದವನು ನಾನೊಬ್ಬನೇ. ಹಾಗಾಗಿ ಹೊಲೆಗೇರಿಯವನಾದರೂ ಗೌಡರು ಕಾರು ಒಪ್ಪಿಸಿದ್ದರು. ಈ ಕೆಲಸ ಹೋದರೆ ಅಪ್ಪನ ಹಾಗೆ ಅವರದೇ ಹೊಲಕ್ಕೆ ಗೊಬ್ಬರ ಹೊರಬೇಕು. ಅದನ್ನು ನೆನೆದರೇ ನನಗೆ ಭಯವಾಗುತ್ತಿತ್ತು.

ಮಾರನೆಯ ದಿನ ಬೆಳಗಿನಿಂದ ಹುಡುಕಿದೆ. ರೇಡಿಯೇಟರಿಗೆ ಬೆಸುಗೆ ಹಾಕಿದ್ದರು, ರಬ್ಬರ್ ಪೈಪು ಹೊಸದು, ನೀರಿನ ಪಂಪೂ ಹೊಸದು. ಎಲ್ಲಿಯೂ ತೊಟ್ಟು ಸೋರುತ್ತಿರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು, ಎಣ್ಣೆ ಸರಿಯಿತ್ತು. ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲೆ ಕೈಯಾಡಿಸಿದೆ. ಮೇಲ್ಭಾಗ ಮುಟ್ಟಲಾಗದಷ್ಟು ಬಿಸಿ, ಕೆಳಭಾಗ ತಣ್ಣಗೆ. ಒಳಗೆ ಏನೋ ಕಟ್ಟಿಕೊಂಡು ನೀರು ಇಳಿಯುತ್ತಿಲ್ಲ. ಏನು ಕಟ್ಟಿಕೊಂಡಿದೆ ಎಂದು ನನಗೆ ಗೊತ್ತಿತ್ತು. ಸುಳ್ಳೇಕೆ ಹೇಳಲಿ, ಮೊದಲಿನಿಂದಲೂ ಗೊತ್ತಿತ್ತು.

ನೀನು ಕುಡಿಯದ ನೀರನ್ನು ಇಂಜಿನ್ನಿಗೆ ಹಾಕಬೇಡ ಎಂದು ಮಿಲಿಟರಿಯಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ನಾನು ಕುಡಿಯುವುದೇ ಕೆರೆಯ ನೀರು. ಗೌಡರ ಹಿತ್ತಿಲ ಬಾವಿಯಲ್ಲಿ ತಳ ಕಾಣುವಷ್ಟು ತಿಳಿನೀರಿದೆ, ಆದರೆ ನಾನು ಅದರ ಕಟ್ಟೆ ಹತ್ತುವಂತಿಲ್ಲ, ಹಗ್ಗ ಮುಟ್ಟುವಂತಿಲ್ಲ. ಕಾರು ರಿಪೇರಿಯಾಗಿ ಬಂದ ದಿನ ಬೇಲಿಯಾಚೆ ನಿಂತು ಗೌಡರ ಹೆಂಡತಿ ಅಕ್ಕಯಮ್ಮನವರನ್ನು ಕೇಳಿದ್ದೆ.

"ಅವ್ವಾರೇ, ಕಾರಿಗೆ ಎರಡು ಕೊಡ ನೀರು ಸೇದಿಸಿ ಕೊಡಿ."

"ಕಬ್ಬಿಣಕ್ಕೆ ಯಾವ ನೀರಾದ್ರೇನ್ಲಾ? ಕೆರೆ ತುಂಬೈತಲ್ಲ, ಹೋಗು."

ಹೋದೆ. ಎಮ್ಮೆ ಬಿದ್ದುಕೊಳ್ಳುವ ಕಡೆ ಡಬ್ಬ ಅದ್ದಿ, ಬಟ್ಟೆಯಲ್ಲಿ ಸೋಸಿ ಹೊಯ್ದೆ. ರಿಪೇರಿಗೆ ಮುಂಚಿನ ಎಂಟು ತಿಂಗಳೂ ಹೀಗೇ ನಡೆದಿತ್ತು. ಬೆಂಗಳೂರಿನವರು ಸೋರುವ ಕಡೆ ಮುಚ್ಚಿದ್ದರೇ ಹೊರತು ಇಂಜಿನ್ನಿನ ಒಳಗೆ ಕೂತ ಕೆಸರನ್ನು ತೊಳೆದಿರಲಿಲ್ಲ. ನಾನೇ ತೊಳೆಯೋಣವೆಂದರೆ ಅದಕ್ಕೂ ತಿಳಿನೀರೇ ಬೇಕು.

ನಾನು ಹೇಳಿದರೆ ನೆಪ ಎನ್ನುತ್ತಾರೆ. ಹೊಸಕೋಟೆಯ ಮೆಕ್ಯಾನಿಕ್ ಲಕ್ಷ್ಮಯ್ಯನ ಬಾಯಿಂದಲೇ ಹೇಳಿಸಬೇಕೆಂದು ಗೌಡರನ್ನು ಒಪ್ಪಿಸಿ, ಅವರನ್ನು ಕೂರಿಸಿಕೊಂಡು, ದಾರಿಯಲ್ಲಿ ನಾಲ್ಕು ಸಲ ನಿಲ್ಲಿಸಿ, ಕಾರು ಅಲ್ಲಿಗೆ ತಂದೆ. ಲಕ್ಷ್ಮಯ್ಯ ಕೆಳಗಿನ ಪೈಪು ಬಿಚ್ಚಿದ್ದೇ ತಡ, ಕೆಂಪು ಕೆಸರು ಅಂಬಲಿಯ ಹಾಗೆ ಇಳಿಯಿತು.

"ಏನ್ ಗೌಡ್ರೇ, ಇದರಲ್ಲಿ ನಾಟಿ ಹಾಕ್ಬೇಕು ಅಂತಿದ್ರಾ?" ಎಂದ.

ಅವನು ತನ್ನ ಬಾವಿಯ ನೀರನ್ನು ಕೈಪಂಪಿನಿಂದ ಕೆಳಗಿನಿಂದ ಮೇಲಕ್ಕೆ ಹಾಯಿಸಿ, ತಿಳಿಯಾಗಿ ಬರುವವರೆಗೂ ತೊಳೆದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಗೌಡರಿಗೆ ಹೇಳಿದ.

"ಡ್ರೈವರ್ ಕೆಲಸದಲ್ಲೇನೂ ತಪ್ಪಿಲ್ಲ. ತಪ್ಪೆಲ್ಲ ನೀರಿಂದು. ಇನ್ಮೇಲೆ ಬಾವಿ ನೀರೇ ಹಾಕ್ಸಿ. ಇಲ್ದಿದ್ರೆ ಇಂಜಿನ್ನೇ ಸೀಳೋಗ್ತದೆ."

ಗೌಡರು ನನ್ನ ಕಡೆ ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ. ಊರು ತಲುಪುವವರೆಗೂ ಒಂದೆಳೆ ಹಬೆ ಏಳಲಿಲ್ಲ. ಗೆದ್ದೆ ಎಂದುಕೊಂಡೆ. ನನ್ನಂಥ ದಡ್ಡ ಇನ್ನೊಬ್ಬನಿರಲಿಕ್ಕಿಲ್ಲ.

ಮರುದಿನ ಗೌಡರ ಅಂಗಳದಲ್ಲಿ ಅವರ ತಂಗಿಯ ಮಗ ಅಪ್ಪಯ್ಯಣ್ಣ ನಿಂತಿದ್ದ. ಹೋದ ತಿಂಗಳಷ್ಟೇ ಲೈಸೆನ್ಸ್ ಮಾಡಿಸಿದ್ದವನು, ಗೇರು ಹಾಕುವಾಗ ಕಾಲು ನೋಡಿಕೊಳ್ಳುವವನು.

"ನಿನ್ ತಪ್ಪಿಲ್ಲ ಕಣ್ಲಾ ಸೊಣ್ಣ," ಎಂದರು ಗೌಡರು. "ಗಾಡಿಗೆ ಬಾವಿ ನೀರೇ ಬೇಕಂತೆ. ನೀನು ಬಾವಿ ಹತ್ರ ಬರಂಗಿಲ್ಲ. ನಾನೇನ್ ಮಾಡ್ಲಿ ಹೇಳು. ಇನ್ಮೇಲೆ ಇವನೇ ಓಡಿಸ್ತಾನೆ."

"ದಿನಕ್ಕೆ ಒಂದು ಚೊಂಬು ಸಾಕು, ಬುದ್ಧಿ. ಯಾರಾದ್ರೂ ಸೇದಿಟ್ರೆ ನಾನು ಹೊಯ್ಕೋತೀನಿ."

"ನಿನಗೆ ನೀರು ಸೇದಿಕೊಡೋಕೆ ಒಬ್ಬ ಆಳು ಇಡಬೇಕೇನ್ಲಾ?"

"ನನಗಲ್ಲ ಬುದ್ಧಿ. ಕಾರಿಗೆ."

ಕೀಲಿಯನ್ನು ಜಗಲಿಯ ಮೇಲಿಡು ಎಂದರು ಗೌಡರು. ಅದುವರೆಗೆ ಅದು ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು. ಈಗ ಅದು ಮನೆಯೊಳಗೆ ಹೋಗಬೇಕಲ್ಲ. ಇಟ್ಟು ಹಿಂದೆ ಸರಿದೆ.

ಅಕ್ಕಯಮ್ಮನವರು ಬಾವಿಯಿಂದ ಆಗತಾನೆ ಸೇದಿದ ಒಂದು ಚೊಂಬು ನೀರು ತಂದು, ಮೈಲಿಗೆ ಹೋಗಲೆಂದು ಕೀಲಿಯ ಮೇಲೆ ಅಷ್ಟನ್ನೂ ಸುರಿದರು. ದಿನಕ್ಕೆ ಕಾರಿಗೆಂದು ನಾನು ಕೇಳಿದ್ದೂ ಅಷ್ಟೇ ನೀರು.