ಶಿವದಾರ ಹರಿದ ಮುಂಜಾನೆ

ವಿಜಯಮಹಾಂತೇಶ ಪೂಜೆ ಮುಗಿಸಿ, ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಂಡು ಅಂಗಳಕ್ಕೆ ಬಂದಿದ್ದಷ್ಟೇ. ಅಣ್ಣ ಪ್ರವೀಣಕುಮಾರ ಎದೆಗೆ ಒದ್ದ.

"ಏನೇನ್ ಬರದೀಲೇ ಆ ನೀಲಪ್ಪಗ? ಅವ್ವನ ಮುಂದ ಓದ್ಲೇನು?"

ಅಣ್ಣನ ಕೈಯಲ್ಲಿ ವಿಜಯಮಹಾಂತೇಶನ ಮೊಬೈಲಿತ್ತು.

ಇಳಕಲ್ಲಿನ ಹೊರಗೆ ಅವರ ಗ್ರಾನೈಟ್ ಪಾಲಿಶ್ ಕಾರ್ಖಾನೆ, ಪಕ್ಕದಲ್ಲೇ ಮನೆ. ನೀಲಪ್ಪ ಅಲ್ಲಿಂದ ಕಲ್ಲು ಒಯ್ಯುವ ಲಾರಿಯ ಡ್ರೈವರ್. ನಾಲ್ಕು ವರ್ಷದಿಂದ ತಮ್ಮಿಬ್ಬರ ನಡುವೆ ಇದ್ದದ್ದನ್ನು ವಿಜಯಮಹಾಂತೇಶ ಎಲ್ಲರಿಂದಲೂ ಮುಚ್ಚಿಟ್ಟಿದ್ದ, ಲಿಂಗವೊಂದನ್ನು ಬಿಟ್ಟು. ಮೊದಲ ವರ್ಷ, ಈ ಆಸೆಯನ್ನು ನನ್ನಿಂದ ಕಿತ್ತು ಹಾಕು ಎಂದು ಅತ್ತು ಬೇಡಿದ್ದ. ಉಪವಾಸವಿದ್ದು ಕೂಡಲಸಂಗಮದ ತನಕ ನಡೆದಿದ್ದ. ಆ ಬೇಡಿಕೆ ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ. ಈಗೀಗ ನೀಲಪ್ಪನ ಲಾರಿ ಸುಖವಾಗಿ ಊರು ಮುಟ್ಟಲಿ ಎಂದಷ್ಟೇ ಕೇಳಿಕೊಳ್ಳುತ್ತಿದ್ದ.

"ಖರೆ ಐತಣ್ಣಾ," ಎಂದ.

ಪ್ರವೀಣಕುಮಾರ ಕಬ್ಬಿಣದ ಪೈಪು ಎತ್ತಿದ. ತಲೆಗೆ ಬೀಳುವ ಏಟಿಗೆ ವಿಜಯಮಹಾಂತೇಶ ಎಡಗೈ ಅಡ್ಡ ಕೊಟ್ಟ. ಎಲುಬು ಮುರಿದ ಸದ್ದು ಅಡುಗೆಮನೆಯಲ್ಲಿದ್ದ ತಾಯಿ ಶಿವಲಿಂಗವ್ವನಿಗೂ ಕೇಳಿಸಿತು.

"ಇಂಥಾ ಹೊಲಸ ಮೈಮ್ಯಾಲ ಲಿಂಗ ಇರಬಾರ್ದು!" ಅಣ್ಣ ಶಿವದಾರಕ್ಕೆ ಕೈ ಹಾಕಿ ಜಗ್ಗಿದ. ದಾರ ಕೊರಳ ಚರ್ಮ ಕೊಯ್ದುಕೊಂಡೇ ಹರಿಯಿತು. ಕರಡಿಗೆಯನ್ನು ಕಾರ್ಖಾನೆಯ ಹೊಂಡಕ್ಕೆ ಬೀಸಿ ಒಗೆದ. ಪಾಲಿಶಿಗೆ ಬಳಸಿದ ನೀರು, ಕಲ್ಲಿನ ಹಿಟ್ಟು ಎಲ್ಲ ಹರಿದು ಬಂದು ನಿಲ್ಲುವ ಬೂದು ಕೆಸರಿನ ಹೊಂಡ ಅದು.

ವಿಜಯಮಹಾಂತೇಶ ಅದರೊಳಗೆ ಜಿಗಿದ. ಲಿಂಗ ಹೋದರೆ ಜೀವವೂ ಹೋದಂತೆಯೇ ಎಂದು ನಂಬಿ ಬೆಳೆದವನು ಅವನು. ಎದೆಮಟ್ಟದ ಕೆಸರಲ್ಲಿ ಕಾಲಿಂದ ತಡಕಾಡಿದ. ದಂಡೆಯ ಮೇಲಿಂದ ಅಣ್ಣ ಪೈಪಿನಿಂದ ಹೊಡೆಯುತ್ತಲೇ ಇದ್ದ. ಕಿವಿ ಹರಿಯಿತು. ಮತ್ತೊಂದು ಏಟು ಬೀಳುವಾಗ ಅವನು ಬಲಗೈಯಿಂದ ಪೈಪು ಹಿಡಿದು ಎಳೆದ. ಅಣ್ಣ ತಲೆಕೆಳಗಾಗಿ ಬಿದ್ದ. ವಿಜಯಮಹಾಂತೇಶ ಅವನ ಕೂದಲು ಹಿಡಿದು ಮುಖವನ್ನು ಕೆಸರಿನೊಳಗೆ ಒತ್ತಿದ. ಅಣ್ಣ ಒದ್ದಾಡಿದ, ಉಗುರಿನಿಂದ ಅವನ ತೊಡೆ ಪರಚಿದ. ಸಾಯಲಿ ಅನ್ನಿಸಿತು. ಬಿಡಬಾರದು ಅನ್ನಿಸಿತು.

ಆಗ ಪಾದಕ್ಕೆ ಕರಡಿಗೆ ತಾಗಿತು.

ಕೆಲಸಕ್ಕೆ ಬರುತ್ತಿದ್ದದ್ದು ಒಂದೇ ಕೈ. ಅಣ್ಣನ ಕೂದಲು ಬಿಟ್ಟು, ಬಗ್ಗಿ ಕರಡಿಗೆ ಎತ್ತಿಕೊಂಡ.

ಬಾಗಲಕೋಟೆಯ ದವಾಖಾನೆಯಲ್ಲಿ, "ಇಬ್ಬರೂ ಕಾಲು ಜಾರಿ ಹೊಂಡಕ್ಕ ಬಿದ್ದಾರ್ರಿ," ಎಂದಳು ಶಿವಲಿಂಗವ್ವ ಡಾಕ್ಟರರಿಗೆ. ಅಣ್ಣ ಎರಡು ದಿನ ಕೆಸರು ಕಾರಿ ಮನೆಗೆ ಹೋದ. ತಮ್ಮನ ಕೈಗೆ ರಾಡು ಹಾಕಿದರು. ಮೂರನೆಯ ದಿನ ಅವಳು, ಮಗನಿಗೆ ಲಿಂಗದೀಕ್ಷೆ ಕೊಟ್ಟಿದ್ದ ಸಂಗಯ್ಯನವರನ್ನು ಕರೆತಂದಳು.

"ತಪ್ಪಾತು, ನೀಲಪ್ಪನ್ನ ಬಿಡ್ತೇನಿ ಅನ್ನು," ಎಂದರು ಸಂಗಯ್ಯ. "ಹೊಸಾ ದಾರ ನಾನ ಕಟ್ತೇನಿ."

"ಅಣ್ಣನ್ನ ಕೊಲ್ಲಾಕ ಹೋಗಿದ್ದೆ ಅಯ್ಯಾರ. ಅದಕ್ಕ ತಪ್ಪಾತು ಅಂತೇನಿ. ನೀಲಪ್ಪನ ಸಲುವಾಗಿ ಅನ್ನೂದಿಲ್ರಿ."

"ಹಂಗಾರ ನನ್ನ ಕೈಲೆ ಆಗೂದಿಲ್ಲ."

ಸಂಗಯ್ಯ ಎದ್ದು ಹೋದರು. ಶಿವಲಿಂಗವ್ವ ಮಗನ ಕಾಲಿನ ಕಡೆಯ ಹೊದಿಕೆ ಸರಿಮಾಡಿ, ಮುಖ ನೋಡದೆ ಅವರ ಹಿಂದೆಯೇ ನಡೆದಳು.

ಸಂಜೆ ನೀಲಪ್ಪ ಬಂದ. ಅವನಿಂದ ಹೊಸ ದಾರ ತರಿಸಿಕೊಂಡು ವಿಜಯಮಹಾಂತೇಶ ಕೊರಳು ಬಗ್ಗಿಸಿ ಕುಳಿತ.

"ನಂಗ ಮಂತ್ರ ಬರೂದಿಲ್ಲಲೇ," ಎಂದ ನೀಲಪ್ಪ.

"ನಾ ಅಂತೇನಿ. ನೀ ಗಂಟು ಹಾಕು."

ದವಾಖಾನೆಯಿಂದ ಬಿಟ್ಟ ಮೇಲೆ ಅವರಿಬ್ಬರೂ ಹುನಗುಂದದಲ್ಲಿ ಬಾಡಿಗೆ ಮನೆ ಹಿಡಿದರು. ವಾರದೊಳಗೆ ಯಾರೋ ನೀಲಪ್ಪನ ಲಾರಿಯ ಗಾಜು ಒಡೆದು, ಅವನ ಎರಡು ಹಲ್ಲು ಉದುರಿಸಿದರು. ನೀಲಪ್ಪ ಬಾಯಿಯ ರಕ್ತ ಉಗಿದು ತಿರುಗಿ ಹೊಡೆಯಲು ಕಬ್ಬಿಣದ ರಾಡು ಹುಡುಕುತ್ತಿದ್ದ. ವಿಜಯಮಹಾಂತೇಶ ಬಾಗಿಲಿಗೆ ಅಡ್ಡ ನಿಂತ.

"ಪೊಲೀಸ್ ಸ್ಟೇಷನ್ನಿಗೆ ಹೋಗೂಣು ನಡಿ," ಎಂದ. "ಈ ಸಲ ಕಾಲು ಜಾರಿ ಬಿದ್ವಿ ಅನ್ನೂದು ಬ್ಯಾಡ."