ಇಡೀ ಮನೆಗೆ ತೇವ

೧

ಎಲ್ಲಿಂದ ಶುರು ಮಾಡಲಿ? ಹುಡುಗಿಯ ಮೂಗಿನಿಂದ ರಕ್ತ ಬಂತು ಎಂದು ಶುರು ಮಾಡಿದರೆ ನೀವು ಗಾಬರಿಯಾಗಿ ಮುಂದೆ ಓದುತ್ತೀರಿ. ನನಗದು ಲಾಭ. ಆದರೆ ಬಂದದ್ದು ನಾಲ್ಕೇ ಹನಿ. ಡಾಕ್ಟರ್ ಹೇಳಿದ್ದೂ ಇಷ್ಟೇ: ಮನೆಯ ಗಾಳಿ ತೀರಾ ಒಣಗಿದೆ, ಸ್ವಲ್ಪ ತೇವ ಇರುವಂತೆ ನೋಡಿಕೊಳ್ಳಿ. ಇಷ್ಟರಿಂದ ಕಥೆಯಾಗುವುದಿಲ್ಲ, ಹೆಚ್ಚೆಂದರೆ ಒಂದು ಮ್ಯಾನ್ಯುಯಲ್ ಆದೀತು.

(ನಾನು ಓದಿದ್ದೂ ಅದನ್ನೇ. ಮನೆಯ ಹೀಟಿಂಗ್ ವ್ಯವಸ್ಥೆಗೆ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಬೆರೆಸುವ ಯಂತ್ರ, ಜೋಡಿಸುವುದು ಹೇಗೆ ಎಂಬ ಮ್ಯಾನ್ಯುಯಲ್. ಗಾಳಿ ಸಾಗುವ ಡಕ್ಟಿಗೆ ಒಂದು ತೂತು, ನೀರಿನ ಪೈಪು, ಒಂದು ಸೆನ್ಸರ್. ಪಾತ್ರಗಳೇ ಇರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ. ಬಹಳ ಹಿತವಾಗಿತ್ತು.)

೨ (ಹರಿದು ಹಾಕಿದ್ದು)

ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಒಂದು ಫ್ಲ್ಯಾಟು. ಬಾಗಲಕೋಟೆ ಕಡೆಯ ಹೊನ್ನಪ್ಪ, ಕಟ್ಟಡಗಳಿಗೆ ಎಸಿ ಡಕ್ಟ್ ಹಾಕಿಸುವ ಇಂಜಿನಿಯರು. ಹೆಂಡತಿ ಮಹಾದೇವಿ. ಮಗಳು ಅಕ್ಷರಾ, ಹನ್ನೊಂದು ವರ್ಷ. ಜನವರಿಯ ಚಳಿ, ಹೀಟರ್ ಉರಿಯುತ್ತಿತ್ತು.

ಇಷ್ಟು ಬರೆದದ್ದೇ ತಡ, ಹೊನ್ನಪ್ಪ ಅಡ್ಡ ಬಂದ. "ಸರ, ದುಬೈದಾಗ ಎಲ್ಲಿ ಹೀಟರ್ ಹಚ್ಚಿದ್ರಿ? ಆ ಫ್ಲ್ಯಾಟಿನ ಸೀಲಿಂಗ್‌ನ್ಯಾಗ ಕೈ ಹಾಕಾಕೂ ಜಾಗಾ ಇಲ್ಲ. ಖಲಾಸ್, ತಗೀರಿ ಇದನ್ನ."

ತೆಗೆದೆ. ಕಸುಬು ಬಲ್ಲವನ ಮುಂದೆ ನನ್ನ ಬೇಳೆ ಬೇಯುವುದಿಲ್ಲ.

೩

ಅವರನ್ನು ಅದೇ ದುಬೈನ ಸಿಲಿಕಾನ್ ಓಯಸಿಸ್‌ನ ಒಂದು ಬಾಡಿಗೆ ವಿಲ್ಲಾಕ್ಕೆ ಸ್ಥಳಾಂತರಿಸಿದ್ದೇನೆ. ಇಲ್ಲಿ ಎಸಿ ಡಕ್ಟಿನೊಳಗೇ ಒಂದು ಹೀಟರ್ ಕಾಯಿಲ್ ಇದೆ, ಚಳಿಗಾಲದಲ್ಲಿ ಅದೇ ಡಕ್ಟಿನಿಂದ ಬಿಸಿ ಗಾಳಿ ಬರುತ್ತದೆ. ಹೊನ್ನಪ್ಪ ತೃಪ್ತ. ಲೇಖಕರು ಪಾತ್ರಗಳಿಗೆ ಸಾಮಾನ್ಯವಾಗಿ ಇಷ್ಟು ಉಪಕಾರ ಮಾಡುವುದಿಲ್ಲ.

ವಿಲ್ಲಾ ಅಂದಮೇಲೆ ಮಹಡಿ ಮೇಲೆ ಒಂದು ಖೋಲಿ ಹೆಚ್ಚಿಗೆ ಬಂತು. ಅದಕ್ಕೇನು ಮಾಡುವುದೆಂದು ನಾನು ಯೋಚಿಸಿರಲಿಲ್ಲ. ಮಹಾದೇವಿ ಯೋಚಿಸಿದ್ದಳು. ಮುಂದಿನ ಪ್ಯಾರಾ ಬರೆಯಲು ಕೂರುವಷ್ಟರಲ್ಲಿ ಅಲ್ಲಿ ಬಿಳಿ ಧೋತರ ಹಾಸಿ, ಗಾಳಿ ಬೀಸುವ ಜಾಲರಿಯ ಕೆಳಗೆ ಸಜ್ಜಿ ರೊಟ್ಟಿ ಒಣಹಾಕಿದ್ದಳು. ಎಳ್ಳು ಹಚ್ಚಿದ ಖಡಕ್ ರೊಟ್ಟಿ. ಹಪ್ಪಳಕ್ಕಿಂತ ತೆಳು.

"ಊರಾಗ ಬಿಸಲಿಗೂ ಹಿಂಗ ಒಣಗೂದಿಲ್ರೀ," ಅಂದಳು. "ಈ ಹೀಟರ್ ಗಾಳಿ ಭಾಳ ಚಲೋ ಐತಿ."

ಸಂಕ್ರಾಂತಿ ಹತ್ತಿರ. ಶಾರ್ಜಾದಿಂದ, ಅಬುಧಾಬಿಯಿಂದ ಫೋನು. ಗದಗಿನವರು, ವಿಜಯಪುರದವರು, ಕೊನೆಗೆ ಮಂಗಳೂರು ಕಡೆಯ ಜಾನಿಸ್ ಕೂಡ, ಕೋರಿ ರೊಟ್ಟಿ ತಿಂದು ಬೆಳೆದವಳು. "ನಮ್ಮ ರೊಟ್ಟಿಗೆ ಕೋಳಿ ಸಾರು ಬೇಕೇ ಬೇಕು. ಆದ್ರೆ ನಿಮ್ಮದು ಬರೀ ಚಟ್ನಿಪುಡಿಗೂ ಆಗ್ತದೆ ಮಾರಾಯ್ರೆ," ಅಂದಿದ್ದಳು. ಮಹಾದೇವಿ ಈ ದೇಶಕ್ಕೆ ಬಂದದ್ದು ಗಂಡನ ವೀಸಾದ ಮೇಲೆ. ಇಲ್ಲಿ ಅವಳ ಹೆಸರು ಹಿಡಿದು ಯಾರಾದರೂ ಕರೆಯುತ್ತಾರೆಂದರೆ ಅದು ರೊಟ್ಟಿಗಾಗಿ. ಈ ಕಥೆಯಲ್ಲಿ ಅವಳದೆನ್ನುವುದು ಅದೊಂದೇ ಖೋಲಿ. ಕೊಟ್ಟವನು ನಾನೆಂದು ಬೀಗುವಂತಿಲ್ಲ, ಅವಳೇ ತೆಗೆದುಕೊಂಡದ್ದು.

೪

ಈಗ ಸಮಸ್ಯೆ ನಿಮಗೂ ಕಾಣುತ್ತಿರಬೇಕು. ಮಗಳ ಮೂಗಿಗೆ ತೇವ ಬೇಕು. ತಾಯಿಯ ರೊಟ್ಟಿಗೆ ಒಣಗಾಳಿ ಬೇಕು. ಹೊನ್ನಪ್ಪ ತಂದಿಟ್ಟದ್ದು ಇಡೀ ಮನೆಯ ಹ್ಯುಮಿಡಿಫೈಯರ್. ಡಕ್ಟಿಗೆ ಕೂರಿಸಿದರೆ ಎಲ್ಲ ಖೋಲಿಗೂ ಸಮನಾಗಿ ತೇವ ಹಂಚುತ್ತದೆ. ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಅತ್ತ ದರಿ, ಇತ್ತ ಪುಲಿ.

(ರೊಟ್ಟಿ ಖೋಲಿಯ ಜಾಲರಿ ಮುಚ್ಚಿಬಿಟ್ಟರೆ? ಆಗ ಬಿಸಿ ಗಾಳಿಯೂ ಬರುವುದಿಲ್ಲ. ನಾನೂ ಹೊನ್ನಪ್ಪನನ್ನು ಕೇಳಿ ನೋಡಿದೆ. ನನ್ನನ್ನು ಅಷ್ಟು ದಡ್ಡನೆಂದು ತಿಳಿಯಬೇಡಿ.)

೫

ಮುಕ್ತಾಯಗಳು, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಅ. ಯಂತ್ರ ಕೂರುತ್ತದೆ. ಮೂಗು ವಾಸಿಯಾಗುತ್ತದೆ. ಮಹಾದೇವಿ ಮೆತ್ತಗಿನ ರೊಟ್ಟಿ ಮುರಿದು ನೋಡಿ, ಫೋನ್ ಮಾಡಿದವರಿಗೆಲ್ಲ ಈ ಸಲ ಇಲ್ರೀ ಅನ್ನುತ್ತಾಳೆ. ತಾಯಿಯ ತ್ಯಾಗ. ಓದುಗರು ಕಣ್ಣೊರೆಸಿಕೊಳ್ಳಬಹುದು. ಬರೆಯುತ್ತಿದ್ದಂತೆ ಮಹಾದೇವಿ ಹಣಿಕಿ ನೋಡಿ, "ತ್ಯಾಗ ನೀವ ಮಾಡ್ರಿ, ನನಗ ನಾಳಿಗಿ ಆರ್ಡರ್ ಐತಿ," ಅಂದು ಹೋದಳು.

ಆ. ಯಂತ್ರ ವಾಪಸು. ಹುಡುಗಿಯ ದಿಂಬಿನ ಮೇಲೆ ಮತ್ತೆ ನಾಲ್ಕು ಹನಿ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ. ಅಕ್ಷರಾ ಮಾತ್ರ "ಐ ಡೋಂಟ್ ಮೈಂಡ್, ಇಟ್ಸ್ ಜಸ್ಟ್ ಎ ನೋಸ್‌ಬ್ಲೀಡ್" ಅಂದಳು.

ಇ. ಹುಡುಗಿಯ ಖೋಲಿಗೆ ಮಾತ್ರ ಒಂದು ಸಣ್ಣ ಹ್ಯುಮಿಡಿಫೈಯರ್, ಮಂಚದ ಪಕ್ಕ ಇಡುವಂಥದ್ದು. ನೈಫ್ ಎಂಬ ಹಳೇ ಪೇಟೆಯ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದು ನಿಮಗೆ ಎರಡನೆಯ ಪುಟದಲ್ಲೇ ಹೊಳೆದಿತ್ತು, ಗೊತ್ತು. ನನಗೂ ಹೊಳೆದಿತ್ತು.

ಹೊನ್ನಪ್ಪ ಬೇಡವೆಂದ. "ಅದು ಆಟಿಗಿ ಸಾಮಾನು ಸರ. ಮಾಡಿದ್ರ ಪೂರಾ ಸಿಸ್ಟಮ್ ಮಾಡಬೇಕು."

೬

ಇಲ್ಲಿ ಒಂದು ಪ್ಯಾರಾ ಇತ್ತು. ತೆಗೆಯಿರಿ ಎಂದು ಹೊನ್ನಪ್ಪ ಕೇಳಿಕೊಂಡ, ತೆಗೆದಿದ್ದೇನೆ.

(ಕನ್ನಡ ಕೂಟದ ಊಟಕ್ಕೆ ಹೊನ್ನಪ್ಪ ತನ್ನ ಮ್ಯಾನೇಜರ್ ರಂಜಿತ್‌ನನ್ನು ಕರೆದೊಯ್ದಿದ್ದ. ಅಲ್ಲಿ ಇಬ್ಬರದೂ ಒಂದೇ ಆಫೀಸೆಂದು ತಿಳಿಯದ ಯಾರೋ ರಂಜಿತ್‌ಗೆ ಹೊನ್ನಪ್ಪನನ್ನೇ ಪರಿಚಯಿಸಿದರು: "ಇವರು ನಮ್ಮ ರೊಟ್ಟಿ ಮಹಾದೇವಿಯವರ ಯಜಮಾನ್ರು." ರಂಜಿತ್ ನಕ್ಕ. ಮರುದಿನ ಆಫೀಸಿನಲ್ಲಿ ಎಲ್ಲರೂ "ಗುಡ್ ಮಾರ್ನಿಂಗ್, ರೊಟ್ಟಿ ಸಾಹೇಬ್" ಅಂದರು. ಯಂತ್ರಕ್ಕೆ ಆರ್ಡರ್ ಹೋದದ್ದು ಅದೇ ವಾರ. ಬ್ರಾಕೆಟ್ಟಿನೊಳಗೆ ಇಟ್ಟರೆ ತೆಗೆದ ಹಾಗೆಯೇ.)

೭

ಶುಕ್ರವಾರ ಮಧ್ಯಾಹ್ನ. ಹೊನ್ನಪ್ಪ ಏಣಿ ಹತ್ತಿದ್ದಾನೆ. ಡಕ್ಟಿಗೆ ಪೆನ್ಸಿಲಿನಿಂದ ಚೌಕ ಬರೆದಾಗಿದೆ, ಇನ್ನು ಕತ್ತರಿಸುವುದು ಬಾಕಿ. ಕೆಳಗೆ ಅಕ್ಷರಾ ಏಣಿ ಹಿಡಿದು ನಿಂತಿದ್ದಾಳೆ. ಮಹಾದೇವಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅವಳು ಬ್ರಾಕೆಟ್ಟನ್ನು ಓದಿದ್ದಾಳೋ ಇಲ್ಲವೋ, ನನಗೆ ತಿಳಿಯದು.

"ರೀ," ಅಂದಳು. ದನಿ ಏರಿಸಲಿಲ್ಲ. "ಮಗಳ ಮೂಗು ಒಂದ ಖೋಲ್ಯಾಗ ಮಲಗತೈತಿ. ಇಡೀ ಮನಿ ಯಾಕ ಹಸಿ ಮಾಡಾಕತ್ತೀರಿ?"

ಹೊನ್ನಪ್ಪ ಡಕ್ಟಿನ ಕಡೆಗೇ ನೋಡುತ್ತಿದ್ದ. "ಆ ಕಟರ್ ಕೊಡು ಮಾದೇವಿ."

ಕಟರ್ ಅವಳ ಕಾಲ ಬಳಿಯೇ ಇತ್ತು. ಅವಳು ಬಗ್ಗಲಿಲ್ಲ.

ಅವನ ಬಾಯಿಗೆ ಒಂದು ಉತ್ತರ ಕೊಡಬೇಕೆಂದು ನಾನು ಬಹಳ ಹೊತ್ತು ಪ್ರಯತ್ನಪಟ್ಟೆ. "ಗಾಳಿಯ ಒತ್ತಡ" ಎಂದು ಬರೆದು ಹೊಡೆದುಹಾಕಿದೆ. "ನಿನ್ನ ಒಳ್ಳೆಯದಕ್ಕೇ" ಎಂದು ಬರೆದು ನಾಚಿಕೆಯಾಗಿ ಅದನ್ನೂ ಹೊಡೆದುಹಾಕಿದೆ. ನಿಜವಾದದ್ದು ಒಂದೇ ಸಾಲು. ಅದನ್ನು ನಾನು ಬರೆದರೆ ಅವನು ಹೇಳಿದ ಹಾಗಾಗುವುದಿಲ್ಲ.

"ಅಪ್ಪಾ," ಅಂದಳು ಅಕ್ಷರಾ, ಏಣಿ ಬಿಡದೆ. "ಅಮ್ಮ ಆಸ್ಕ್ಡ್ ಯೂ ಸಮ್‌ಥಿಂಗ್."

ಕಥೆ ಮುಗಿಸಲು ಅವನು ಕೆಳಗೆ ಇಳಿಯಬೇಕು. ಅವನು ಉತ್ತರ ಕೊಡುವವರೆಗೆ ಇಳಿಸುವ ವಾಕ್ಯವನ್ನು ನಾನು ಬರೆಯುವುದಿಲ್ಲ. ನೀವು ಬೇಕಾದರೆ ಎದ್ದು ಹೋಗಿ. ಮಹಾದೇವಿ ಇಲ್ಲೇ ನಿಂತಿರುತ್ತಾಳೆ, ನಾನೂ ಇರುತ್ತೇನೆ.