ಗದಗದ ಕಲಾವತಿ

ದೊಡ್ಡಪ್ಪ ಹಾಲಸಿದ್ದಪ್ಪ ಗೋಡೆಯ ಮೊಳೆಗೆ ಬಿಳಿ ಪಂಚೆಯ ತುದಿ ಬಿಗಿಯುತ್ತಿದ್ದರು. ಇನ್ನೊಂದು ತುದಿ ಅವ್ವನ ಎದೆಯನ್ನು ಬಳಸಿ ಬಂದಿತ್ತು. ಗಂಟು ಬೀಳುವ ತನಕ ಅವಳ ಎರಡೂ ಹೆಗಲು ಹಿಡಿದು ಕೂತಿದ್ದ ಮಗ ಪ್ರಭುದೇವ ಅವಳ ಮುಖ ನೋಡಲಿಲ್ಲ. ಅವನ ಕಣ್ಣು ಅವಳ ಕೊರಳಿನಿಂದ ಇಳಿಬಿದ್ದ ಬೆಳ್ಳಿಯ ಕರಡಿಗೆಯ ಮೇಲಿತ್ತು. ಇಷ್ಟಲಿಂಗ ಇರಬೇಕಾದ ಕರಡಿಗೆ. ಅದರೊಳಗೆ ಏನೂ ಇಲ್ಲ ಎನ್ನುವುದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ಬಿಗಿ ಆತೇನು?" ದೊಡ್ಡಪ್ಪ ಕೇಳಿದರು.

"ಆಚ್ಚು," ಎಂದ ಪ್ರಭುದೇವ ತಮಿಳಿನಲ್ಲಿ, ಆಯಿತು ಎಂದು.

"ಅವ್ವ ಸತ್ತ ದಿನಾನರ ಕನ್ನಡದಾಗ ಮಾತಾಡಲೇ," ಎಂದು ದೊಡ್ಡಪ್ಪ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದರು.

ಸುವರ್ಣಮ್ಮ ಹೋದದ್ದು ಹಿಂದಿನ ಸಂಜೆ. ಮದರಾಸಿನ ಅಣ್ಣಾ ನಗರದ ಈ ಮನೆಯಲ್ಲೇ ಬದನೆಕಾಯಿ ಹೆಚ್ಚುತ್ತ ಕೂತವಳು ಹಾಗೇ ಗೋಡೆಗೆ ಒರಗಿದ್ದಳು. ಮೈ ಸೆಟೆಯುವ ಮುಂಚೆ ಕೂರಿಸಬೇಕೆಂದು ದೊಡ್ಡಪ್ಪ ಸೌಕಾರ್‌ಪೇಟೆಯ ತಮ್ಮ ಬಟ್ಟೆಯಂಗಡಿಯಿಂದ ಓಡಿಬಂದಿದ್ದರು. ಅವರದು ಹಾವೇರಿ ಕಡೆಯ ಲಿಂಗವಂತರ ಮನೆತನ. ಅಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಮನೆ ಬಿಡಬೇಕು, ಕೂತೇ ಮಣ್ಣಿಗಿಳಿಯಬೇಕು, ಹುಟ್ಟಿದಾಗ ಕಟ್ಟಿದ ಲಿಂಗ ಎಡಗೈಯಲ್ಲಿರಬೇಕು. ರಾತ್ರಿಯೆಲ್ಲ ಸುತ್ತ ಐಸ್ ಗಡ್ಡೆ ಇಟ್ಟು ಕಾದಿದ್ದರು. ಬೆಳಗ್ಗೆ ಪ್ರಭುದೇವನ ಅಕ್ಕ ದಾಕ್ಷಾಯಿಣಿ ಹಾವೇರಿಯಿಂದ ಬಂದಮೇಲೆ ಮೈ ತೊಳೆಸಿ, ವಿಭೂತಿ ಬಳಿದು, ಈಗ ಮತ್ತೆ ಕೂರಿಸಿದ್ದರು.

ಮೇಲಿನ ಮನೆಯ ಜಾನಕಮ್ಮ ಕಾಫಿಯ ಫ್ಲಾಸ್ಕ್ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ತಲೆಮಾರುಗಳಿಂದ ಮದರಾಸಿನಲ್ಲೇ ಬೇರೂರಿದ ಕನ್ನಡದ ವೈಷ್ಣವರ ಮನೆಯಾಕೆ. ಸತ್ತವರು ಕೂತಿರುವುದನ್ನು ನೋಡಿದವರಲ್ಲ. ಎದುರು ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದ ಕಂಪ್ಯೂಟರ್ ಇತ್ತು. ಸುವರ್ಣಮ್ಮ ನೇರ ಅದಕ್ಕೆ ಮುಖಮಾಡಿದ್ದಳು.

"ಅಯ್ಯೋ ಪಾವಂ," ಎಂದರು ಜಾನಕಮ್ಮ. "ದಿನಾ ಮಧ್ಯಾಹ್ನ ಇದೇ ಮಾದ್ರಿ ಕೂತಿರ್ತಾ ಇದ್ರು ಪ್ರಭು. ಈಗ್ಲೂ ಯಾರೋ ಬರ್ತಾರೆ ಅಂತ ಕಾಯ್ತಾ ಇರೋ ಹಾಗೇ ಇದೆಪ್ಪಾ."

ಮುಂದೇನು ಎಂದು ಅವರು ಮೆಲ್ಲಗೆ ವಿಚಾರಿಸಿದಾಗ ದೊಡ್ಡಪ್ಪ ವಿವರಿಸಿದರು. ಮಧ್ಯಾಹ್ನದ ಮೇಲೆ ಅಯ್ಯನವರು, ಸಮಾಜದ ಜಂಗಮರು, ಬರುತ್ತಾರೆ. ಸಮಾಜದ ರುದ್ರಭೂಮಿಯಲ್ಲಿ, ತಮ್ಮನ, ಅಂದರೆ ಪ್ರಭುದೇವನ ಅಪ್ಪನ, ಸಮಾಧಿಯ ಮಗ್ಗುಲಲ್ಲೇ ಗುಂಡಿ ತೋಡಿಸಿದೆ. ಅಲ್ಲಿ ಎಲ್ಲರ ಮುಂದೆ ಕರಡಿಗೆ ಬಿಚ್ಚಿ, ಲಿಂಗವನ್ನು ಕೈಗೆ ಕೊಟ್ಟು, ಆಮೇಲೆ ಮಣ್ಣು.

ಎಲ್ಲರ ಮುಂದೆ. ಪ್ರಭುದೇವನಿಗೆ ಆ ಎರಡು ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಈ ಊರಿನಲ್ಲಿ ಅವರ ಸಮಾಜವೆಂದರೆ ಕೆಲವೇ ಮನೆಗಳು. ಹಣೆಗೆ ವಿಭೂತಿ ಹಚ್ಚದ ಸೊಸೆಯಂದಿರನ್ನು ಅವ್ವ ಮದುವೆಮನೆಯಲ್ಲೇ ಗದರುತ್ತಿದ್ದಳು. ಅಂಥವಳು ವರ್ಷಗಟ್ಟಲೆ ಖಾಲಿ ಬೆಳ್ಳಿ ಕಟ್ಟಿಕೊಂಡು ತಿರುಗಿದಳು ಎಂದಾದರೆ, ಆ ಮಾತು ಅವಳ ಸಮಾಧಿಗಿಂತ ಹೆಚ್ಚು ದಿನ ಬಾಳುತ್ತಿತ್ತು.

ಅವ್ವ ಈ ಗುಟ್ಟನ್ನು ಹೇಳಿದ್ದು ಒಬ್ಬಳಿಗೇ, ಗದಗದ ಕಲಾವತಿಗೆ. ಆ ಕಲಾವತಿ ಎಂಬವಳು ಪ್ರಭುದೇವನೇ ಆಗಿದ್ದ.

* * *

ಅಪ್ಪ ತೀರಿಕೊಂಡಮೇಲೆ ಮನೆಯಲ್ಲಿ ಮಾತು ನಿಂತಿತ್ತು. ಜಗಳವೇನೂ ಆಗಿರಲಿಲ್ಲ. ತಮಿಳು ಶಾಲೆಯಲ್ಲಿ ಓದಿದ ಮಗನಿಗೆ ಅವ್ವನ ಕನ್ನಡ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ನಡುವೆ ಅಪ್ಪನಿದ್ದ. ಅವನು ಹೋದಮೇಲೆ ಇಬ್ಬರೂ ಎರಡು ದಡದಲ್ಲಿ ಉಳಿದರು. ಪೆರುಂಗುಡಿಯ ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡುತ್ತಿದ್ದ ಪ್ರಭುದೇವ ಬೆಳಗ್ಗೆ ಹೋದರೆ ಕತ್ತಲಾದಮೇಲೆ ಬರುತ್ತಿದ್ದ, ಟಿವಿ ನೋಡುತ್ತ ಉಣ್ಣುತ್ತಿದ್ದ, ಮಲಗುತ್ತಿದ್ದ.

ದಾಕ್ಷಾಯಿಣಿಯ ಜೊತೆ ಮಾತಾಡಲೆಂದು ಅವನೇ ಅವ್ವನಿಗೆ ಕಂಪ್ಯೂಟರಿನ ಮೆಸೆಂಜರ್ ಕಲಿಸಿದ. ಫೋನಿನ ತಂತಿ ಸಿಕ್ಕಿಸಿ, ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಗುವ ತನಕ ಕಾಯುವುದನ್ನು ಅವಳು ಒಲೆ ಹೊತ್ತಿಸುವಷ್ಟೇ ತಾಳ್ಮೆಯಿಂದ ಕಲಿತಳು. ಹಾವೇರಿಯಲ್ಲಿ ಹೊಸದಾಗಿ ಬ್ರೌಸಿಂಗ್ ಸೆಂಟರ್ ಬಂದಿತ್ತು. ದಾಕ್ಷಾಯಿಣಿ ಕೆಲವು ತಿಂಗಳು ಬಂದಳು. ಆಮೇಲೆ ಬಾಣಂತನ, ಕೂಸು, ಬರುವುದು ತಪ್ಪಿತು.

ಅವ್ವ ಮಾತ್ರ ತಪ್ಪಿಸಲಿಲ್ಲ. ಮಧ್ಯಾಹ್ನವಾದರೆ ಮಗನ ಆಫೀಸಿನ ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ಅವಳ ಹೆಸರು ಹೊತ್ತಿಕೊಳ್ಳುತ್ತಿತ್ತು, ಸಂಜೆಯವರೆಗೂ ಉರಿಯುತ್ತಿತ್ತು. ಯಾರೂ ಬರದ ಕಡೆ ಅವಳು ಸುಮ್ಮನೆ ಇದ್ದಳು. ಪ್ರಭುದೇವ ಎಷ್ಟೋ ಸಲ 'ಅವ್ವ' ಎಂದು ಒತ್ತಿದ, ಕಳಿಸದೆ ಅಳಿಸಿದ. ಮುಂದೇನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಬೇರೆ ಹೆಸರಿನಲ್ಲಿ ಒಳಬಂದ. ನಮಸ್ಕಾರರೀ ಸುವರ್ಣಕ್ಕ, ನಾನು ಗದಗದಾಕಿ, ಕನ್ನಡದವರು ಯಾರಾದರೂ ಸಿಗುತ್ತಾರೇನೋ ಅಂತ ಹುಡುಕುತ್ತಿದ್ದೆ ಎಂದು ಬರೆದ.

ಕನ್ನಡ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಿದ್ದರು, ತಪ್ಪು ಒಪ್ಪು ಯಾರೂ ಕೇಳುತ್ತಿರಲಿಲ್ಲ. ನಾಲಿಗೆಗೆ ಬಾರದ ಭಾಷೆ ಬೆರಳಿಗೆ ಬಂತು. ಅವ್ವ ಫೋನ್ ನಂಬರ್ ಕೇಳಿದಾಗ ಕಲಾವತಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ ಎಂದ. ಆಮೇಲೆ ಅವ್ವ ಅವಳನ್ನು ಇನ್ನಷ್ಟು ಹಚ್ಚಿಕೊಂಡಳು.

ಮಗ ಎಂದೂ ಕೇಳದ್ದನ್ನೆಲ್ಲ ಕಲಾವತಿ ಕೇಳಿದಳು. ಮೊಣಕಾಲು ನೋವು ಇಳಿಯಿತೇ, ಈ ಊರಿಗೆ ಮೊದಲು ಬಂದಾಗ ಅಳು ಬಂದಿತ್ತೇ, ಸಮುದ್ರ ನೋಡಿ ಏನನ್ನಿಸಿತು. ಮಗನ ಬಗ್ಗೆ ಕೇಳಿದಾಗ ಅವ್ವ ಬರೆದಳು: "ಭಾಳ ಒಳ್ಳ್ಯಾಂವ. ಬಾಡಿಗಿಗೆ ಇದ್ದಾಂವನ ಹಂಗ ಇರ್ತಾನ." ಆ ರಾತ್ರಿ ಅವಳು ಬಡಿಸಿದ ರೊಟ್ಟಿಯನ್ನು ಪ್ರಭುದೇವ ಎಂದಿನಂತೆಯೇ ಟಿವಿ ನೋಡುತ್ತ ತಿಂದ.

* * *

ಮಧ್ಯಾಹ್ನ ಬಂದವರು ಹೂವಿಟ್ಟು ಗೋಡೆಗುಂಟ ಕೂತಿದ್ದರು. ದಾಕ್ಷಾಯಿಣಿ ಎದ್ದು ಹೋಗಿ ಕಂಪ್ಯೂಟರಿನ ಬಟ್ಟೆ ತೆಗೆದಳು. ತಡೆಯಬೇಕೆಂದು ಪ್ರಭುದೇವ ಏಳುವಷ್ಟರಲ್ಲಿ ಫೋನಿನ ತಂತಿ ಅವಳ ಕೈಯಲ್ಲಿತ್ತು. ಮೋಡೆಮ್ಮಿನ ಕೀರಲು ಆ ಸೂತಕದ ಮನೆಯನ್ನೆಲ್ಲ ತುಂಬಿತು. ಭಜನೆ ಹೇಳುತ್ತಿದ್ದವರು ನಿಲ್ಲಿಸಿದರು.

"ಹೆಣದ ಮುಂದ ಏನವ್ವಾ ಇದು ಒದರೂದು?" ಎಂದರು ದೊಡ್ಡಪ್ಪ.

"ಅವ್ವನ ಗೆಳತಿ ಒಬ್ಬಾಕಿ ಅದಾಳ, ದೊಡ್ಡಪ್ಪ. ಗದಗದಾಗ. ಪಾಪ, ದನಿ ಇಲ್ಲದಾಕಿ, ಫೋನ್ ಮಾಡಿದ್ರ ನಡ್ಯಂಗಿಲ್ಲ. ಅವ್ವ ನನ್ನ ಮುಂದ ಬರೇ ಆಕಿ ಸುದ್ದೀನ ಹೇಳ್ತಿದ್ಲು."

ಮೆಸೆಂಜರ್ ತಾನಾಗಿ ತೆರೆದುಕೊಂಡಿತು. ಅವ್ವ ಗುಪ್ತಪದ ಮರೆಯುತ್ತಾಳೆಂದು ಹಾಗೆ ಮಾಡಿಟ್ಟವನು ಪ್ರಭುದೇವನೇ. ತೆರೆಯ ಮೇಲೆ ಸುವರ್ಣಮ್ಮನ ಹೆಸರು ಹೊತ್ತಿಕೊಂಡಿತು. ಎದುರು ಗೋಡೆಗೆ ಕಟ್ಟಿದ ಸುವರ್ಣಮ್ಮ ಅದನ್ನು ನೋಡುತ್ತಿದ್ದಳು. ಅವನಿಗೆ ಎರಡನ್ನೂ ಒಟ್ಟಿಗೆ ನೋಡುವುದಾಗಲಿಲ್ಲ.

ದಾಕ್ಷಾಯಿಣಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅವ್ವ ಹೋದಳು, ನಾನು ಆಕೆಯ ಮಗಳು, ಇಂದು ಮಣ್ಣು ಎಂದಷ್ಟು ಬರೆದು ಕಲಾವತಿಯ ಮಂಕಾದ ಹೆಸರನ್ನು ತುಸು ಹೊತ್ತು ನೋಡಿದಳು.

"ಇಲ್ಲ ಆಕಿ. ಬಂದಾಗ ನೋಡ್ತಾಳ," ಎಂದು ತಂತಿ ಕಿತ್ತಳು. "ನಿನಗ ಗೊತ್ತೇನೋ ಆಕಿ?"

"ತೆರಿಯಾದು," ಎಂದ ಪ್ರಭುದೇವ, ಗೊತ್ತಿಲ್ಲ ಎಂದು.

* * *

ಅಪ್ಪನ ಪುಣ್ಯತಿಥಿ ಕಳೆದ ಮರುದಿನ ಅವ್ವ ಕಲಾವತಿಗೆ ಆ ಗುಟ್ಟನ್ನು ಹೇಳಿದ್ದಳು. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಒಯ್ಯುವ ಮುಂಚೆ ಅಪ್ಪನ ಉಂಗುರ, ಗಡಿಯಾರ, ಕರಡಿಗೆ ಎಲ್ಲ ಬಿಚ್ಚಿಸಿದ್ದರು. ಗಂಟು ಕಟ್ಟಿ ಹಿಂದಕ್ಕೆ ಕೊಟ್ಟಾಗ ಎಲ್ಲವೂ ಇದ್ದವು, ಕರಡಿಗೆಯ ಒಳಗಿನ ಲಿಂಗ ಇರಲಿಲ್ಲ. ಯಾರನ್ನು ಕೇಳುವುದು? ಅಷ್ಟರಲ್ಲಿ ಅಪ್ಪನೇ ಹೋಗಿದ್ದ. ಅವನನ್ನು ಕೂರಿಸಿದಾಗ ಅವ್ವ ತನ್ನ ಲಿಂಗ ತೆಗೆದು ಅವನ ಕರಡಿಗೆಯಲ್ಲಿ ಇಟ್ಟಿದ್ದಳು.

"ಅವರು ಬರಿಗೈಲೆ ಹೋಗಬಾರದಂತ ಕೊಟ್ಟೆ ಕಲಾವತಿ," ಎಂದು ಬರೆದಳು. "ಈಗ ದಿನಾ ಪೂಜಿಗೆ ಕುಂತು ಅಂಗೈ ನೋಡ್ಕೋತೀನಿ. ಬರೇ ಗೆರಿ ಕಾಣ್ತಾವ."

ಹೊಸದು ಬೇಕೆಂದರೆ ಅಯ್ಯನವರು ಹಳೆಯದೆಲ್ಲಿ ಎಂದು ಕೇಳುತ್ತಾರೆ. ನಿಜ ಹೇಳಿದರೆ ಬೇರೆಯವರ ಲಿಂಗದ ಜೊತೆ ಗಂಡನ ಸಮಾಧಿಯಾದದ್ದೇ ತಪ್ಪು ಎಂದಾರು. ಅದು ಅವಳ ಹೆದರಿಕೆ. ಮನೆಯಲ್ಲಿ ಮಗನದು ಇರಬೇಕಲ್ಲ, ಅದನ್ನೇ ಕಟ್ಟಿಕೊಳ್ಳಿ ಎಂದು ಕಲಾವತಿ ಸೂಚಿಸಿದಳು. ಕಾಲೇಜಿನಲ್ಲಿ ಗೆಳೆಯರು ಕೊರಳಿಗೇನು ಎಂದು ನಕ್ಕಾಗ ಪ್ರಭುದೇವ ಬಿಚ್ಚಿಟ್ಟದ್ದು ಅದು. ಉತ್ತರ ಬರಲು ಬಹಳ ಹೊತ್ತಾಯಿತು.

"ಅದು ಅವಂದು. ಬಿಚ್ಚಿಟ್ಟಾನ, ಒಗದಿಲ್ಲ. ಒಂದಿನ ಕೇಳ್ತಾನ."

ಅದರ ಹಿಂದೆಯೇ ಇನ್ನೊಂದು ಸಾಲು ಬಂತು. "ನಾ ಹ್ವಾದ ದಿನ ಏನಾಕ್ಕತಿ ಕಲಾವತಿ?"

ಪ್ರಭುದೇವ ಮೆಸೆಂಜರ್ ಮುಚ್ಚಿಬಿಟ್ಟ. ಮರುದಿನ ಕಲಾವತಿ ಲೈನ್ ಕಟ್ಟಾಯಿತು ಎಂದಳು. ಆ ಕಾಲದಲ್ಲಿ ಲೈನ್ ಸದಾ ಕಟ್ಟಾಗುತ್ತಿತ್ತು, ನಂಬದವರಿರಲಿಲ್ಲ. ಅವ್ವ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. ಬಾ, ಅಯ್ಯನವರ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಮಗ ಹೇಳಬಹುದಾಗಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂಬಲ್ಲಿಗೆ ಬರುತ್ತಿತ್ತು. ಅವಳ ಎದುರು ಕೂತು ಉಣ್ಣುವಾಗೆಲ್ಲ ಆ ಕರಡಿಗೆ ತಟ್ಟೆಯ ಮೇಲೆ ತೂಗುತ್ತಿತ್ತು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

* * *

ಅಯ್ಯನವರು ಬಂದ ಸದ್ದು ಕೇಳಿ ಪ್ರಭುದೇವ ದೇವರಕೋಣೆಗೆ ಹೋದ. ಮೇಲಿನ ಹಲಗೆಯಲ್ಲಿ ಅವನ ಲಿಂಗದ ಪುಟ್ಟ ಡಬ್ಬಿ ಇತ್ತು. ಧೂಳು ಕೂತಿರುತ್ತದೆ ಎಂದುಕೊಂಡಿದ್ದ. ಮುಚ್ಚಳ ತೆಗೆದರೆ ಲಿಂಗದ ಕಪ್ಪು ಮೈ ನುಣ್ಣಗೆ ಹೊಳೆಯುತ್ತಿತ್ತು. ಅದರ ನೆತ್ತಿಯ ಮೇಲೆ ಒಂದು ಬಿಲ್ವದೆಲೆ, ನಿನ್ನೆಯದು, ಇನ್ನೂ ಹಸಿರು. ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಲಿಂಗ ತೆಗೆದು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ.

ರುದ್ರಭೂಮಿಯಲ್ಲಿ ಗುಂಡಿಗೆ ಇಳಿದವರು ಅಯ್ಯನವರು ಮತ್ತು ಅವನು. ಅವ್ವನನ್ನು ಮೇಲಿನಿಂದ ಇಳಿಸಿಕೊಂಡು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿಗೆ ಒರಗಿಸಿದರು. ಅಂಚಿನ ಸುತ್ತ ದೊಡ್ಡಪ್ಪ, ದಾಕ್ಷಾಯಿಣಿ, ಸಮಾಜದ ಗಂಡಸರು ಹೆಂಗಸರು ಬಗ್ಗಿ ನೋಡುತ್ತಿದ್ದರು. ಅಯ್ಯನವರ ಕೈ ಕರಡಿಗೆಗೆ ಹೋಯಿತು.

"ನಾನು ಕೊಡ್ತೀನಿ," ಎಂದ ಪ್ರಭುದೇವ. ಆ ದಿನ ಅವನು ಆಡಿದ ಮೊದಲ ಕನ್ನಡ ಅದು.

ಅಯ್ಯನವರು ಅವನ ಮುಖ ನೋಡಿ ಕೈ ತೆಗೆದರು. ಅವನು ಮೇಲಿನವರಿಗೆ ಬೆನ್ನು ಮಾಡಿ ಕೂತು ಕರಡಿಗೆ ಬಿಚ್ಚಿದ. ಒಳಗೆ ಒಗೆದು ಮಡಿಚಿಟ್ಟ ಬಟ್ಟೆಯ ಚೂರು ಇತ್ತು, ಅಷ್ಟೆ. ಸೊಂಟದ ಮಡಿಕೆಯಿಂದ ತನ್ನ ಲಿಂಗ ತೆಗೆದು ಅವ್ವನ ಎಡ ಅಂಗೈಯಲ್ಲಿ ಇಟ್ಟ. ಬೆರಳು ಮಡಿಚಿಕೊಳ್ಳಲಿಲ್ಲ. ಒಂದೊಂದಾಗಿ ಅವನೇ ಮಡಿಸಿದ. ಲಿಂಗ ಎಲ್ಲಿಂದ ಬಂತೆಂದು ನೋಡಿದ ಅಯ್ಯನವರ ಮಂತ್ರ ತುಸು ತಡೆಯಿತು. ಆಮೇಲೆ ಅವರು ಬೊಗಸೆ ತುಂಬ ವಿಭೂತಿ ತೆಗೆದು ಆ ಕೈಯ ಮೇಲೆಯೇ ಸುರಿದರು, ಮತ್ತೆ ಮಂತ್ರ ಮುಂದುವರಿಸಿದರು.

ಮರಳಿ ಬರುವಾಗ ವ್ಯಾನಿನಲ್ಲಿ ದಾಕ್ಷಾಯಿಣಿ ಅವನ ಪಕ್ಕದಲ್ಲಿದ್ದಳು.

"ಮಗ್ಗಲಿಂದ ಕಾಣಿಸ್ತು. ಅವ್ವನ ಲಿಂಗ ಅಷ್ಟು ದೊಡ್ಡದಿರಲಿಲ್ಲ," ಎಂದಳು ಮೆಲ್ಲಗೆ.

"ನಂದು."

"ಅವ್ವಂದೆಲ್ಲಿ?"

"ಅಪ್ಪನ ಕೈಲಿ."

ಅವಳಿಗೆ ಅದು ಇಳಿಯಲು ಒಂದಿಡೀ ರಸ್ತೆ ಬೇಕಾಯಿತು. "ಯಾರು ಹೇಳಿದ್ರು ನಿನಗ?"

"ಕಲಾವತಿ."

ದಾಕ್ಷಾಯಿಣಿ ಅಣ್ಣಾ ನಗರ ಬರುವ ತನಕ ತಮ್ಮನ ಕೈಬೆರಳುಗಳನ್ನೇ ನೋಡುತ್ತ ಕೂತಳು.

ಮನೆಗೆ ಬಂದು ಕಾಲು ತೊಳೆದು, ಅವ್ವ ಕೂತಿದ್ದ ಕಡೆ ಹಚ್ಚಿಟ್ಟ ದೀಪ ನೋಡಿದರು. ಜಾನಕಮ್ಮ ಅನ್ನ ಸಾರು ಕಳಿಸಿದ್ದರು. ಪ್ರಭುದೇವನಿಗೆ ಒಳಗೆ ನಿಲ್ಲಲಾಗಲಿಲ್ಲ. ಸೂತಕದವರು ಹೊರಗೆ ಹೋಗಬಾರದೆಂದು ದೊಡ್ಡಪ್ಪ ಕರೆಯುತ್ತಿದ್ದಂತೆಯೇ ಬೀದಿಗಿಳಿದು, ಮೂಲೆಯ ಬ್ರೌಸಿಂಗ್ ಸೆಂಟರಿಗೆ ನಡೆದ. ಮಾಲೀಕ ಅವನ ಹಣೆಯ ವಿಭೂತಿ, ಮಣ್ಣಾದ ಪಂಚೆ ನೋಡಿ ಮಾತಿಲ್ಲದೆ ಒಂದು ಕ್ಯಾಬಿನ್ ತೋರಿಸಿದ.

ಅಕ್ಕನಿಗೆ ಕಲಾವತಿಯಿಂದ ನಾಲ್ಕು ಮಾತು ಬರೆದು ಆ ಹೆಸರನ್ನು ಶಾಶ್ವತವಾಗಿ ಮುಚ್ಚಬೇಕೆಂದಿದ್ದ. ಒಳಹೊಕ್ಕ ಕೂಡಲೇ ದಾಕ್ಷಾಯಿಣಿಯ ಮಧ್ಯಾಹ್ನದ ಸಾಲು ಬಂತು, ಅವ್ವ ಹೋದಳು ಎಂದು. ಆಗಷ್ಟೇ ಸುದ್ದಿ ಮುಟ್ಟಿದವನ ಹಾಗೆ ಅವನು ಅದನ್ನು ಮತ್ತೆ ಓದಿದ. ಸುವರ್ಣಕ್ಕ ನನಗೆ ಎಂದು ಬರೆಯತೊಡಗಿದ.

ಆಗ ಅವ್ವನ ಹೆಸರು ಹೊತ್ತಿಕೊಂಡಿತು.

ಮಂಕಾಗಿದ್ದದ್ದು ಒಮ್ಮೆಲೇ ಹಳದಿಯಾಗಿ, ಪಕ್ಕದಲ್ಲಿ ನಗುವ ಮುಖ ಮೂಡಿತು. ಸುವರ್ಣಮ್ಮ ಬರೆಯುತ್ತಿದ್ದಾಳೆ ಎಂದು ತೆರೆಯ ಬುಡದಲ್ಲಿ ತೋರಿತು. ನಿಂತಿತು. ಮತ್ತೆ ತೋರಿತು. ಆ ಮನೆಯಲ್ಲಿ ಯಾರೋ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಆಮೇಲೆ ಅವ್ವನ ಹೆಸರಿನ ಮುಂದೆ ಸಾಲು ಬಂತು.

"ಪ್ರಭು, ನೀ ಮುಂಜಾನಿಂದ ಏನೂ ತಿಂದಿಲ್ಲ. ಮನಿಗೆ ಬಾ."

ಅದರ ಕೆಳಗಿನ ಖಾಲಿ ಚೌಕದಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತ ಉತ್ತರಕ್ಕೆ ಕಾದಿತ್ತು. ಪಕ್ಕದಲ್ಲಿ ಇನ್ನೂ ಕಲಾವತಿ ಎಂದೇ ಇತ್ತು.